ದವಾಖಾನೆಯ ಗೋಡೆಯ ಮೇಲೆ ಬಾಳಪ್ಪ ಕಾಕಾ

ಮೊನ್ನೆ ಅತ್ತೆಯ ಬಿ.ಪಿ. ತೋರಿಸಲು ಮೂಡಲಗಿಯ ಸರ್ಕಾರಿ ದವಾಖಾನೆಗೆ ಹೋಗಿದ್ದೆ. ಊರು ಈಗ ತಾಲೂಕಾಗಿದೆ. ದವಾಖಾನೆಗೆ ಹೊಸ ಬಣ್ಣ ಬಂದಿದೆ, ಗೋಡೆಯ ಮೇಲೊಂದು ಟಿ.ವಿ. ಬಂದಿದೆ. ಅದರಲ್ಲಿ ಗೊಂಬೆಗಳು ಕುಣಿಯುತ್ತ ಕೈ ತೊಳೆದುಕೊಳ್ಳಿ ಎಂದು ಹೇಳುತ್ತಿದ್ದವು. ಕೂತವರು ಯಾರೂ ಆ ಕಡೆ ನೋಡುತ್ತಿರಲಿಲ್ಲ. ಅತ್ತೆ ಒಳಗೆ ಹೋದ ಮೇಲೆ ನಾನು ಅಂಗಳದ ಬಾಗಿಲಲ್ಲಿ ನಿಂತೆ. ಆಯಾ ಆಗಷ್ಟೇ ನೆಲ ಒರೆಸಿ ಹೋಗಿದ್ದಳು. ಹೊರಗೆ ಯಾರೋ ಬೇವಿನ ಗಿಡದ ಟೊಂಗೆ ಕಡಿದು ಹಾಕಿದ್ದರು. ಫಿನೈಲಿನ ವಾಸನೆ, ಹಸಿ ಬೇವಿನ ವಾಸನೆ, ಎರಡೂ ಒಟ್ಟಿಗೆ ಮೂಗಿಗೆ ಬಡಿದದ್ದೇ ತಡ, ನನ್ನ ಹಲ್ಲು ತಾವಾಗಿಯೇ ಕಚ್ಚಿಕೊಂಡವು. ಇಷ್ಟು ವರ್ಷವಾದರೂ ಆ ಸಿಟ್ಟು ಇಳಿದಿಲ್ಲ. ಇಳಿಯಲಿ ಎಂದು ನಾನೇನೂ ಹರಕೆ ಹೊತ್ತಿಲ್ಲ.

ಅದು ಹೊಸ ಶತಮಾನ ಶುರುವಾದ ಹೊತ್ತು. ನನಗೆ ಒಬ್ಬಳೇ ಅಕ್ಕ, ಕಸ್ತೂರಿ. ಮೂಡಲಗಿಯಿಂದ ಸ್ವಲ್ಪ ಒಳಗಿದ್ದ ನಮ್ಮ ಊರಿನಲ್ಲಿ ಅಷ್ಟು ಜೋರಾಗಿ ನಗುವ ಹೆಂಗಸು ಇನ್ನೊಬ್ಬಳಿರಲಿಲ್ಲ. ಗೋಕಾಕ ಬಸ್ಸಿನ ಕಂಡಕ್ಟರ್ ಮೂಗಿನಲ್ಲಿ ಊರುಗಳ ಹೆಸರು ಕೂಗುವುದನ್ನು ಅವಳು ಹಾಗೆಯೇ ಕೂಗಿ ತೋರಿಸಿದರೆ ಅವ್ವ ರೊಟ್ಟಿ ಬಡಿಯುವುದನ್ನು ಬಿಟ್ಟು ಹೊಟ್ಟೆ ಹಿಡಿದುಕೊಳ್ಳುತ್ತಿದ್ದಳು. ಶ್ರಾವಣದ ಒಂದು ಮಧ್ಯಾಹ್ನ ಕಬ್ಬಿನಲ್ಲಿ ಕಳೆ ತೆಗೆಯುತ್ತಿದ್ದಾಗ ಅವಳ ಪಾದಕ್ಕೆ ಮಂಡಲದ ಹಾವು ಕಚ್ಚಿತು. ಅಪ್ಪ ಅವಳನ್ನು ಹೊತ್ತುಕೊಂಡು ಓಡಿದ. ಎಲ್ಲಿಗೆ? ದವಾಖಾನೆಗಲ್ಲ, ಬಾಳಪ್ಪ ಕಾಕಾನ ಮನೆಗೆ.

ಬಾಳಪ್ಪ ಕಾಕಾ ನಮಗೆ ದೂರದ ಸಂಬಂಧ, ಊರಿಗೆಲ್ಲ ಹತ್ತಿರದವನು. ಹಾವು ಕಚ್ಚಿದವರನ್ನು, ಚೇಳು ಕಚ್ಚಿದವರನ್ನು ಸುತ್ತಲಿನ ಹಳ್ಳಿಗಳಿಂದ ಅವನ ಕಟ್ಟೆಗೇ ತರುತ್ತಿದ್ದರು. ತಲೆಗೆ ಸುತ್ತಿದ ಕೇಸರಿ ಪಟಗಾ, ಹುರಿ ಮಾಡಿದ ಬಿಳಿ ಮೀಸೆ, ಹಿಂದೆಂದೋ ಎತ್ತು ತಿವಿದು ಹರಿದುಹೋದ ಎಡಗಿವಿ. ಯಾರಿಂದಲೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಅದೇ ಅವನ ದೊಡ್ಡ ಬಲ. ಪುಕ್ಕಟೆ ಮಾಡುವವನಿಗೆ ಯಾರು ಏನು ಅಂದಾರು?

ಅವನು ಅಕ್ಕನ ಬಾಯಿಗೆ ಒಂದು ಹಿಡಿ ಬೇವಿನ ಎಲೆ ತುರುಕಿದ. “ತಿನ್ನವಾ. ಹೆಂಗ ಹತ್ತತೈತಿ?” ಎಂದ.

“ಥೂ, ಕಹಿರಿ ಕಾಕಾ!” ಅಂದಳು ಅಕ್ಕ. ಆ ನೋವಿನಲ್ಲೂ ಮುಖ ಕಿವುಚಿ ನಕ್ಕಳು.

“ಕಹಿ ಹತ್ತಿದ ಮ್ಯಾಲ ಮುಗೀತು. ಇಸಾ ಏರಿದ್ರ ಬೇವು ಸಪ್ಪಗ ಹತ್ತತೈತಿ. ಏನೂ ಆಗೂದಿಲ್ಲ, ಮನಿಗೆ ಕರ್ಕೊಂಡು ಹೋಗ್ರಿ,” ಎಂದ. ಅಪ್ಪ ಅವನ ಕಾಲು ಮುಟ್ಟಿದ.

ಮರುದಿನ ಅಕ್ಕನ ಕಾಲು ಮೊಣಕಾಲಿನವರೆಗೆ ಬಾತು ಕರಿದಾಯಿತು. ಒಸಡಿನಿಂದ ರಕ್ತ ಬಂತು. ಕಾಕಾ ಮತ್ತೆ ಬಂದು ಯಾವುದೋ ಬೇರು ತೇಯ್ದು ಹಚ್ಚಿ ಹೋದ. ಕೊನೆಗೆ ಅವ್ವ ಬೊಬ್ಬೆ ಹೊಡೆದ ಮೇಲೆ ಅಪ್ಪ ಟೆಂಪೋ ತಂದ. ಗೋಕಾಕದಲ್ಲಿ ನೋಡಿ ಬೆಳಗಾವಿಗೆ ಒಯ್ಯಿರಿ ಎಂದರು. ಬೆಳಗಾವಿ ಮುಟ್ಟಲಿಲ್ಲ.

ಮಣ್ಣು ಕೊಟ್ಟು ಬಂದ ಮೇಲೆ ಕಾಕಾ ನಮ್ಮ ಪಡಸಾಲೆಯಲ್ಲಿ ಕೂತು ಬಸಿಯಲ್ಲಿ ಚಹಾ ಆರಿಸಿಕೊಂಡು ಕುಡಿದ. “ಅಕಿ ಆಯುಷ್ಯ ಅಷ್ಟs ಇತ್ತು. ನನ್ನ ಕೈಯಾಗ ಏನೈತಿ?” ಎಂದ. ನಮ್ಮಪ್ಪ ಹೌದು ಹೌದು ಎಂದು ತಲೆ ಆಡಿಸಿದ. ನಾನು ಬಾಗಿಲ ಹಿಂದೆ ನಿಂತು ಆ ಹರಿದ ಕಿವಿಯನ್ನೇ ನೋಡುತ್ತಿದ್ದೆ. ಇವನು ಕೊಂದ ಎಂದು ಕೂಗಬೇಕೆನಿಸಿತು. ಬಾಯಿ ಬರಲಿಲ್ಲ. ಊರಿಗೆ ಊರೇ ಕೈ ಮುಗಿಯುವ ಮನುಷ್ಯನಿಗೆ ಹತ್ತೊಂಬತ್ತರ ಹುಡುಗಿ ಹಾಗೆ ಅಂದರೆ ಹುಚ್ಚು ಹಿಡಿದಿದೆ ಎನ್ನುತ್ತಿದ್ದರು. ಅವತ್ತೇ ಅಂದುಕೊಂಡೆ: ಇವತ್ತಿಲ್ಲ ನಾಳೆ, ನಿನ್ನ ಮಾರಿ ನಾಲ್ಕು ಮಂದಿ ಮುಂದೆ ತೋರಿಸದಿದ್ದರೆ ನಾನು ಕಸ್ತೂರಿಯ ತಂಗಿಯಲ್ಲ.

ಮುಂದಿನ ಬೇಸಿಗೆಗೆ ನಾನು ಗೋಕಾಕದ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ, ಶೌಕತ್ ಮಾಮಾನ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ್ದೆ. ಮಾಮಾ ಮೊದಲು ಲಾರಿಗಳ ಮೇಲೆ, ಅಂಗಡಿ ಫಲಕಗಳ ಮೇಲೆ ಬ್ರಷ್ಷಿನಿಂದ ಬರೆಯುತ್ತಿದ್ದವನು. ಕಂಪ್ಯೂಟರ್ ಬಂದದ್ದನ್ನು ನೋಡಿ ಒಂದನ್ನು ತಂದಿಟ್ಟು, ಅದರ ಹತ್ತಿರ ಹೋಗಲು ತಾನೇ ಹೆದರಿ, ಆರು ತಿಂಗಳ ಕೋರ್ಸು ಮಾಡಿದ್ದ ನನ್ನನ್ನು ಅದರ ಮುಂದೆ ಕೂರಿಸಿದ್ದ. ಮದುವೆ ಕಾರ್ಡು, ಕರದಂಟಿನ ಡಬ್ಬಿಯ ಲೇಬಲ್ಲು, ಎಲ್ಲಕ್ಕಿಂತ ಹೆಚ್ಚಾಗಿ ಶ್ರದ್ಧಾಂಜಲಿಯ ಹಾಳೆಗಳು. ನಮ್ಮ ಕಡೆ ಯಾರಾದರೂ ಸತ್ತರೆ ಫೋಟೋ ಹಾಕಿ, ಸುತ್ತ ಹೂವಿನ ಅಂಚು ಹಾಕಿ, ಕೆಳಗೆ ದುಃಖತಪ್ತರ ಹೆಸರು ಹಾಕಿ, ಬಸ್‌ಸ್ಟ್ಯಾಂಡಿನ ಕಂಬ ಕಂಬಕ್ಕೆ ಅಂಟಿಸುತ್ತಾರೆ. ನಾನು ಮಾಡಿ ಕೊಡುತ್ತಿದ್ದೆ, ಮಾಮಾ ಜಾಲರಿ ಬಟ್ಟೆಯ ಸ್ಕ್ರೀನಿನಲ್ಲಿ ಶಾಯಿ ಎಳೆದು ಒಂದೊಂದೇ ಹಾಳೆ ಒತ್ತುತ್ತಿದ್ದ. ಸೀಮೆಎಣ್ಣೆ ವಾಸನೆಗೆ ನನಗೆ ಮಧ್ಯಾಹ್ನದ ರೊಟ್ಟಿ ಸೇರುತ್ತಿರಲಿಲ್ಲ.

ಜೂನಿನ ಮಿರಗದ ಮಳೆಗೆ ಮುಂಚೆ ಹುಕ್ಕೇರಿಯ ಸರ್ಕಾರಿ ದವಾಖಾನೆಯ ಡಾಕ್ಟರಮ್ಮ ಅಂಗಡಿಗೆ ಬಂದರು. ಮೈಸೂರು ಕಡೆಯವರು, ಬಂದು ವರ್ಷವಾಗಿರಲಿಲ್ಲ. ಹುಕ್ಕೇರಿ, ಗೋಕಾಕ, ಮೂಡಲಗಿ, ಮೂರೂ ಕಡೆಯ ದವಾಖಾನೆಗಳಲ್ಲಿ ಹಾಕಲು ಒಂದು ಪೋಸ್ಟರ್ ಬೇಕು ಎಂದರು. “ಹಾವು ಕಚ್ಚಿದರೆ ಏನು ಮಾಡಬೇಕು, ಏನು ಮಾಡಬಾರದು ಅಂತ. ಮಳೆ ಶುರುವಾದರೆ ಕೇಸ್ ಬರ್ತವೆ. ಬರೋ ಹೊತ್ತಿಗೆ ಎಲ್ಲ ಮುಗಿದಿರುತ್ತೆ. ಓದಕ್ಕೆ ಬಾರದವರಿಗೂ ಅರ್ಥ ಆಗೋ ಹಾಗಿರಬೇಕಮ್ಮ.”

ನನಗಾದ ಸಂತೋಷವನ್ನು ಬೇರೆ ಹೇಳಬೇಕೆ? ಅಲ್ಲಿಯವರೆಗೆ ಪೋಸ್ಟರ್ ಎಂಬುದನ್ನೇ ಮಾಡಿದವಳಲ್ಲ ನಾನು. ಆದರೂ “ನಾ ಮಾಡ್ತೇನ್ರಿ ಮೇಡಂ” ಎಂದು ಮಾಮಾ ಬಾಯಿ ತೆಗೆಯುವ ಮೊದಲೇ ಹೇಳಿಬಿಟ್ಟೆ.

ಆ ವಾರ ನಾನು ಮಾಡಿದ ಕೆಲಸವನ್ನು ಜನ್ಮದಲ್ಲಿ ಮತ್ತೆ ಮಾಡಿಲ್ಲ. ‘ಹೀಗೆ ಮಾಡಬೇಡಿ’ ಎಂಬಲ್ಲಿ ಒಬ್ಬ ಮನುಷ್ಯ ಬೇವಿನ ಎಲೆ ತಿನ್ನಿಸುತ್ತಿರುವ ಚಿತ್ರ. ಅವನಿಗೆ ಕೇಸರಿ ಪಟಗಾ ಸುತ್ತಿದೆ. ಹುರಿ ಮೀಸೆ ತಿರುವಿದೆ. ಎಡಗಿವಿಯನ್ನು ಹರಿದೆ; ಹರಿಯುವಾಗ ಮೈಯಲ್ಲಿ ಏನೋ ಹಾಯೆನಿಸಿತು. ಕಣ್ಣಿನ ಪಕ್ಕದ ಗೆರೆ ಕೂಡ ಬಿಡಲಿಲ್ಲ. ನೋಡಿದವರು ಒಂದೇ ನೋಟಕ್ಕೆ ಬಾಳಪ್ಪ ಎನ್ನಬೇಕು, ಎಂದು ಅವನನ್ನು ದೊಡ್ಡದು ಮಾಡಿದೆ, ಮತ್ತೂ ದೊಡ್ಡದು ಮಾಡಿದೆ. ಡಾಕ್ಟರು, ಸೂಜಿ, ಮಂಚ ಎಲ್ಲ ಬಲಗಡೆಯ ಮೂಲೆಗೆ ಸರಿದವು. ಬೇಡ ಎನ್ನಲು ಅವನ ಮೇಲೆ ಕೆಂಪು ಕಾಟು ಗುರುತು ಹೊಡೆಯಬೇಕಿತ್ತಲ್ಲ, ಮುಖದ ಮೇಲೆ ಹೊಡೆದರೆ ಗುರುತು ಸಿಗದೇ ಹೋದೀತೆಂದು ಎದೆಯ ಮೇಲೆ ಸಣ್ಣದಾಗಿ ಹೊಡೆದೆ.

ಶೌಕತ್ ಮಾಮಾ ಕನ್ನಡಕ ಏರಿಸಿ ನೋಡಿದ. “ಬೇಟಿ, ಇದು ಯಾರ ಮಾರಿ?”

“ಯಾರದೂ ಅಲ್ರಿ ಮಾಮಾ. ತಲ್ಯಾಗಿಂದ ಬರದೇನಿ.”

“ತಲ್ಯಾಗ ಇಷ್ಟು ಖರೆ ಮಾರಿ ಇರ್ತಾವೇನು? ಡಾಕ್ಟರ್ ಯಾಕ ಇಲಿಮರಿ ಆಗ್ಯಾರ? ಈ ಮುದುಕನs ಯಜಮಾನ ಕಂಡಂಗ ಕಾಣ್ತಾನಲ್ಲ.”

“ಡಾಕ್ಟರಮ್ಮ ಪಾಸ್ ಮಾಡ್ಯಾರ್ರಿ,” ಅಂದೆ. ಮಾಡಿದ್ದರು, ಅವರಿಗೆ ಬಾಳಪ್ಪನ ಗುರುತಿರಲಿಲ್ಲ. ಮಾಮಾ ಗೊಣಗುತ್ತ ಸ್ಕ್ರೀನು ಕಟ್ಟಿದ. ಕೇಸರಿ ಶಾಯಿ ಮಾತ್ರ ಚೆಂದ ಬಂತು.

ಆರಿದ್ರಾ ಮಳೆ ಹಿಡಿದ ದಿನಗಳಲ್ಲಿ ಪೋಸ್ಟರುಗಳು ಗೋಡೆ ಏರಿದವು. ನಾನು ರಜೆ ಹಾಕಿ ಮೂಡಲಗಿಗೆ ಹೋಗಿ ದವಾಖಾನೆಯ ಬೆಂಚಿನ ಮೇಲೆ ಕೂತೆ. ರೋಗಿಯ ಹಾಗೆ ಕೊಡೆ ಮಡಚಿಕೊಂಡು ಕೂತು, ಕಣ್ಣು ಮಾತ್ರ ಗೋಡೆಯ ಮೇಲೆ. ಎದುರಿಗಿದ್ದ ಇಬ್ಬರು ಹೆಂಗಸರು ನಿಂತು ನೋಡಿದರು. “ಏ, ಇದು ನಮ್ಮ ಬಾಳಪ್ಪ ಕಾಕಾ ಅಲ್ಲೇನs?” ಎಂದಳು ಒಬ್ಬಳು. ಬಿತ್ತು ನೋಡು ಮಗನೇ ನಿನ್ನ ಮಾನ, ಎಂದುಕೊಂಡೆ.

“ಹೌದs ಹೌದು, ಕಿವಿ ನೋಡು! ದವಾಖಾನ್ಯಾಗೂ ಕಾಕಾನ ಫೋಟೋ ಹಾಕ್ಯಾರಲ್ಲ. ಎದಿ ಮ್ಯಾಲ ಕೆಂಪು ಬಿಲ್ಲಿ ನೋಡು, ದವಾಖಾನಿಯವ್ರು ಕೊಟ್ಟಿದ್ದು.” ಹೀಗೆಂದು ಇನ್ನೊಬ್ಬಳು ಚಪ್ಪಲಿ ಬಿಟ್ಟು ಕೈ ಮುಗಿದಳು.

ನಾನು ತಡೆಯಲಾರದೆ ಎದ್ದು “ಅಲ್ರೀ, ಅದು ಮಾಡಬ್ಯಾಡ್ರಿ ಅಂತ ಐತ್ರಿ, ಕೆಳಗ ಓದ್ರಿ” ಎಂದೆ. ಅವರು ನನ್ನನ್ನೇ ಮೇಲಿಂದ ಕೆಳಗೆ ನೋಡಿದರು. ಓದಲು ಬಂದಿದ್ದರೆ ತಾನೇ? ಬಂದರೂ ಯಾರು ಓದುತ್ತಾರೆ? ನಮ್ಮ ಕಡೆ ಅಚ್ಚಾಗುವುದು ಯಾರ ಮುಖ? ದೇವರದು, ಸ್ವಾಮಿಗಳದು, ಎಲೆಕ್ಷನ್ನಿಗೆ ನಿಂತವರದು. ಬಣ್ಣದಲ್ಲಿ ದೊಡ್ಡದಾಗಿ ಮುಖ ಬಂತೆಂದರೆ ಅವನು ದೊಡ್ಡವನು, ಮುಗಿಯಿತು. ಅದೂ ಸರ್ಕಾರದ ಗೋಡೆಯ ಮೇಲೆ. ಅವಮಾನ ಮಾಡಲು ಯಾರಾದರೂ ಅಷ್ಟು ಚೆಂದದ ಪಟಗಾ ಬರೆಯುತ್ತಾರೆಯೇ? ನಾನು ಬರೆದಿದ್ದೆ.

ಪಂಚಮಿಗೆ ಊರಿಗೆ ಹೋದರೆ ಇನ್ನೊಂದು ಉರಿ ಕಾದಿತ್ತು. ಹಬ್ಬದ ದಿನ ಬಾಳಪ್ಪ ಕಾಕಾನಿಗೆ ಸತ್ಕಾರ. ಶಾಲು, ಟೆಂಗಿನಕಾಯಿ, ಗುಲಾಲು, ಹಲಗೆಯ ಬಡಿತ. ಯಾರೋ ದವಾಖಾನೆಯಿಂದ ಒಂದು ಪೋಸ್ಟರ್ ತಂದು ಕಟ್ಟು ಹಾಕಿಸಿ ಅವನ ಕಟ್ಟೆಯ ಮೇಲೆ ತೂಗುಹಾಕಿದ್ದರು. ಅದಕ್ಕೆ ಸೇವಂತಿಗೆಯ ಮಾಲೆ! ‘ಹೀಗೆ ಮಾಡಬೇಡಿ’ ಎಂಬ ಅಕ್ಷರಗಳು ಮಾಲೆಯ ಹಿಂದೆ ಮುಚ್ಚಿಹೋಗಿದ್ದವು. ಶಾಲು ಹೊದಿಸಿದವನು ಬೇರೆ ಯಾರೂ ಅಲ್ಲ, ನಮ್ಮಪ್ಪ. ನನ್ನ ಮಗಳು ಮಾಡಿದ್ದು ಎಂದು ಎದೆ ಉಬ್ಬಿಸಿಕೊಂಡು ನಿಂತಿದ್ದ.

ಕಾಕಾ ನನ್ನನ್ನು ಹತ್ತಿರ ಕರೆದ. ತಲೆಯ ಮೇಲೆ ಕೈ ಇಟ್ಟ. “ಶೋಭವ್ವಾ, ಅಕ್ಕನ್ನ ಕಳಕೊಂಡ್ರೂ ನನ್ನ ಮ್ಯಾಲ ಮನಸಿನ್ಯಾಗ ಏನೂ ಇಟ್ಕೊಳ್ಳಲಿಲ್ಲ ನೋಡು ನೀ. ದೊಡ್ಡ ಮನಸು ನಿಂದು,” ಎಂದ. ಕಣ್ಣಲ್ಲಿ ನೀರು ಬೇರೆ ತಂದುಕೊಂಡ.

ಆ ಕೈಯ ಭಾರ ಇವತ್ತಿಗೂ ನನ್ನ ನೆತ್ತಿಯ ಮೇಲಿದೆ. ಮನೆಗೆ ಬಂದು ಬಚ್ಚಲಲ್ಲಿ ತಲೆಯ ಮೇಲೆ ತಂಬಿಗೆ ತಂಬಿಗೆ ನೀರು ಸುರಿದುಕೊಂಡೆ. ಅವ್ವ ಪಂಚಮಿಯ ಉಂಡಿ ತಂದಿಟ್ಟಳು. ಮುಟ್ಟಲಿಲ್ಲ. ಅವಳೂ ಮುಟ್ಟಿರಲಿಲ್ಲ.

ಹಬ್ಬ ಮುಗಿಸಿ ಅಂಗಡಿಗೆ ಹೋದರೆ ಡಾಕ್ಟರಮ್ಮ ಕೆಂಡವಾಗಿ ಕೂತಿದ್ದರು. ಮೂಡಲಗಿ ದವಾಖಾನೆಯ ಬಾಗಿಲಿನವರೆಗೆ ಬಂದಿದ್ದ ಒಬ್ಬ ಮನುಷ್ಯ ಪೋಸ್ಟರ್ ನೋಡಿ, ಇವರೇ ಕಾಕಾನ ಕಡೆ ಹೋಗು ಅಂತಾರಲ್ಲ, ಎಂದು ತಿರುಗಿ ಹೋಗಿದ್ದನಂತೆ. ಅವನಿಗೆ ಕಚ್ಚಿದ್ದು ವಿಷವಿಲ್ಲದ ಹಾವು. ಬದುಕಿದ. ಅದರಿಂದ ಬಾಳಪ್ಪನ ಕೀರ್ತಿ ಇನ್ನೂ ಒಂದು ಗೇಣು ಏರಿತು.

“ಯಾರಮ್ಮ ಇವನು?” ಎಂದು ಡಾಕ್ಟರಮ್ಮ ಪೋಸ್ಟರನ್ನು ನನ್ನ ಮುಂದೆ ಒಗೆದರು. ನಾನು ಎಲ್ಲ ಹೇಳಿದೆ. ಅಕ್ಕನ ಕಾಲಿನಿಂದ ಹಿಡಿದು ಬಸಿಯಲ್ಲಿ ಆರಿಸಿದ ಚಹಾದವರೆಗೆ. ಮೊದಲನೇ ಸಲ ಬಾಯಿಬಿಟ್ಟು “ಅಂವ ನಮ್ಮಕ್ಕನ್ನ ಕೊಂದಾನ್ರಿ” ಎಂದು ಅಂದದ್ದು ಅವತ್ತು, ಆ ಶಾಯಿ ವಾಸನೆಯ ಅಂಗಡಿಯಲ್ಲಿ. ಶೌಕತ್ ಮಾಮಾ ಕೈಯಲ್ಲಿದ್ದ ಬಟ್ಟೆಯನ್ನು ಹಾಗೇ ಹಿಡಿದು ನಿಂತುಬಿಟ್ಟ. ಡಾಕ್ಟರಮ್ಮ ಒಗೆದ ಪೋಸ್ಟರನ್ನು ಎತ್ತಿ ಮತ್ತೆ ನೋಡಿದರು. ಆಮೇಲೆ, “ಅಷ್ಟು ಸಿಟ್ಟಿದ್ದರೆ ಅವನ ಮುಖ ಯಾಕೆ ಬರೆದೆ?” ಎಂದು ಕೇಳಿ ಎದ್ದು ಹೋದರು.

ಆ ಮಾತು ಮುಳ್ಳಿನಂತೆ ನಟ್ಟಿತು. ಹೌದು, ನಾನು ಯಾರ ಮುಖ ಬರೆಯಬೇಕಿತ್ತು?

ಉತ್ತರ ಬಸ್‌ಸ್ಟ್ಯಾಂಡಿನಲ್ಲಿತ್ತು. ಸಂಜೆ ಬಸ್ಸಿಗೆ ನಿಂತಾಗ ನೋಡಿದೆ: ಕಂಬಕ್ಕೆ ಅಂಟಿಸಿದ ಶ್ರದ್ಧಾಂಜಲಿಯ ಮುಂದೆ ಮಂದಿ. ಓದಲು ಬಾರದವನು ಬಾಜೂದವನನ್ನು “ಯಾರು ಹೋದ್ರಪಾ? ಏನಾಗಿತ್ತಂತ?” ಎಂದು ಕೇಳುತ್ತಿದ್ದ. ಬಾಜೂದವನು ಪೂರ್ತಿ ಓದಿ ಹೇಳುತ್ತಿದ್ದ. ಪೋಸ್ಟರ್ ಓದದ ಊರು ಸಾವನ್ನು ಮಾತ್ರ ಅಕ್ಷರ ಬಿಡದೆ ಓದುತ್ತದೆ. ಸಾಲು ಸಾಲು ಅಂಥ ಹಾಳೆ ಮಾಡಿದ ನನಗೇ ಅದು ಹೊಳೆದಿರಲಿಲ್ಲ.

ಅಕ್ಕನದು ಒಂದೇ ಫೋಟೋ ಇತ್ತು, ಮೂಡಲಗಿಯ ಸ್ಟುಡಿಯೋದಲ್ಲಿ ತೆಗೆಸಿದ್ದು. ನಗು ತಡೆದುಕೊಂಡು ತುಟಿ ಬಿಗಿದಿದ್ದಾಳೆ. ಹೊಸ ಪೋಸ್ಟರಿಗೆಂದು ಕೇಳಿದ್ದಕ್ಕೆ ಅಪ್ಪ ಹರಿಹಾಯ್ದ. “ಸತ್ತವರ ಫೋಟೋ ದವಾಖಾನ್ಯಾಗ ಹಾಕ್ತಾರೇನು? ಕಾಕಾ ಏನ್ ತಿಳ್ಕೊಂಡಾರು? ದೊಡ್ಡವ್ರ ಅವ್ರು!”

ಅವ್ವ ಒಳಗಿನಿಂದ ಟ್ರಂಕು ಎಳೆದಳು. ಫೋಟೋ ತೆಗೆದು ಸೆರಗಿನಿಂದ ಒರೆಸಿ ನನ್ನ ಕೈಗೆ ಕೊಟ್ಟಳು. “ತಗೋ. ಟ್ರಂಕಿನ್ಯಾಗ ಇಟ್ಟು ನಾ ಏನ್ ಮಾಡ್ಲಿ? ಎಲ್ಲಾರೂ ನೋಡ್ಲಿ,” ಎಂದಳು. ಅಪ್ಪನ ಕಡೆ ತಿರುಗಿ, “ನೀವು ಅಂವಗ ಶಾಲು ಹೊಚ್ಚಿದ ದಿನಾನs ನಾ ನಿಮ್ಮನ್ನ ಮಾತಾಡ್ಸೂದು ಬಿಟ್ಟೇನಿ. ನಿಮಗ ಗೊತ್ತಾಗಿಲ್ಲ, ಅಷ್ಟ,” ಎಂದಳು. ಅಪ್ಪ ಹೊರಗೆ ಎದ್ದು ಹೋದ.

ಹೊಸ ಪೋಸ್ಟರಿಗೆ ಕಪ್ಪು ಬಣ್ಣ ಒಂದೇ. ನಡುವೆ ಅಕ್ಕನ ಮುಖ, ಸುತ್ತ ಶ್ರದ್ಧಾಂಜಲಿಯ ಹೂವಿನ ಅಂಚು. ಕೆಳಗೆ ಹೀಗೆ ಬರೆದೆ: “ದಿ. ಕಸ್ತೂರಿ. ಹಾವು ಕಚ್ಚಿದಾಗ ನನಗೆ ಬೇವಿನ ಎಲೆ ತಿನ್ನಿಸಿದರು. ಕಹಿ ಹತ್ತಿತು. ವಿಷ ಏರಿಲ್ಲವೆಂದು ಮನೆಗೆ ಕಳಿಸಿದರು. ಮೂರನೇ ದಿನ ಸತ್ತೆ. ವಿಷ ಏರಿದವರಿಗೂ ಬೇವು ಕಹಿಯೇ. ಕಚ್ಚಿದ ಕೂಡಲೇ ಇಲ್ಲಿಗೆ ಬನ್ನಿ. ಇದರ ಸೂಜಿ ಇಲ್ಲಿದೆ.” ಅದರ ಕೆಳಗೆ, ದುಃಖತಪ್ತರ ಜಾಗದಲ್ಲಿ: “ಬೇವು ತಿನ್ನಿಸಿದವರು, ಬಾಳಪ್ಪ.”

ಡಾಕ್ಟರಮ್ಮ ಪೂರ್ತಿ ಓದಿ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಆದರೆ ಕೊನೆಯ ಸಾಲಿಗೆ ಪೆನ್ನು ಎಳೆದರು. “ಇದು ದವಾಖಾನೆ ಕಣಮ್ಮ, ಪೊಲೀಸ್ ಸ್ಟೇಷನ್ ಅಲ್ಲ. ಹೆಸರು ಬೇಡ.”

ನಾನು ಜಗಳಾಡಿದೆ, ಕಣ್ಣೀರು ಹಾಕಿದೆ, ಸ್ಕ್ರೀನು ಹರಿಯುತ್ತೇನೆ ಎಂದೆ. ಶೌಕತ್ ಮಾಮಾ ನನ್ನನ್ನು ಬದಿಗೆ ಕರೆದು, “ಹುಚ್ಚಿ, ತಿನ್ನಿಸಿದರು ಅಂತ ಐತಿಲ್ಲೋ ಅದರಾಗ? ಯಾರು ಅಂತ ಮಂದಿ ಸುಮ್ಮನ ಬಿಡ್ತಾರೇನು? ನೀ ಹೇಳಿದ್ರ ಒಮ್ಮೆ ಹೇಳ್ತಿ. ಅವ್ರು ದಿನಾ ಹೇಳ್ತಾರ,” ಎಂದ.

ಮಾಮಾ ಹೇಳಿದ ಹಾಗೆಯೇ ಆಯಿತು. ಮಹಾನವಮಿಯ ಹೊತ್ತಿಗೆ ಮೂರೂ ಊರಿನ ದವಾಖಾನೆಗಳಲ್ಲಿ ಹಳೆಯದರ ಜಾಗದಲ್ಲಿ ಅಕ್ಕ ಗೋಡೆ ಏರಿದಳು. ಬಂದವರು ನಿಂತರು. ಪಾಪ, ಯಾರ ಮಗಳು, ಎಂದರು. ಓದಿಸಿಕೊಂಡರು. ಬೇವು ತಿನ್ನಿಸಿದವರು ಯಾರಂತ, ಎಂದು ಕೇಳಿದರು. ಉತ್ತರ ಹೇಳುವವರು ನಮ್ಮ ಕಡೆ ಪ್ರತಿ ಬೆಂಚಿನ ಮೇಲೂ ಒಬ್ಬರಿದ್ದರು. ಕಾಕಾ ಸಂತೆಗೆ ಹೋದರೆ ಸಂತೆಯಲ್ಲಿ, ಹಿಟ್ಟಿನ ಗಿರಣಿಗೆ ಹೋದರೆ ಗಿರಣಿಯಲ್ಲಿ, “ಕಾಕಾ, ಆ ಕಸ್ತೂರಿಗೆ ಎಲಿ ಕೊಟ್ಟವ್ರು ನೀವs ಏನ್ರಿ?” ಎಂದು ಮರ್ಯಾದೆಯಿಂದಲೇ ಕೇಳತೊಡಗಿದರು. ಕಟ್ಟೆಯ ಮೇಲಿನ ಕೇಸರಿ ಪಟಗಾದ ಚಿತ್ರವನ್ನು ಅವನೇ ಇಳಿಸಿ ಅಟ್ಟಕ್ಕೆ ಹಾಕಿದನಂತೆ. ಸುದ್ದಿ ತಿಳಿದ ದಿನ ನಾನು ಅಂಗಡಿಯವರಿಗೆಲ್ಲ ಕರದಂಟು ಹಂಚಿದೆ. ಏನು ವಿಶೇಷ ಎಂದರೆ ಅಕ್ಕನ ಹುಟ್ಟಿದ ದಿನ ಎಂದು ಸುಳ್ಳು ಹೇಳಿದೆ.

ಆದರೂ ಹೊಟ್ಟೆ ತಣ್ಣಗಾಗಿರಲಿಲ್ಲ. ಅವನ ಬಾಯಿಂದ ಒಂದು ಮಾತು ಬಂದಿರಲಿಲ್ಲವಲ್ಲ.

ದೀಪಾವಳಿ ಕಳೆದು ಕಬ್ಬು ಕಡಿಯುವುದು ಶುರುವಾಗಿತ್ತು. ಮೂಡಲಗಿಯ ಗೋಡೆ ಜಿನುಗಿ ಪೋಸ್ಟರಿನ ಅಂಚು ಎದ್ದಿದೆ ಎಂದು ನಾನೇ ಹೊಸದನ್ನು ಹಚ್ಚಲು ಹೋಗಿದ್ದೆ. ಹಚ್ಚಿ ಕೈ ತೊಳೆಯುವಷ್ಟರಲ್ಲಿ ಬಾಗಿಲಿಗೆ ಜೀಪು ಬಂತು. ಇಳಿದವನು ಬಾಳಪ್ಪ ಕಾಕಾ. ತಲೆಯ ಮೇಲೆ ಪಟಗಾ ಇರಲಿಲ್ಲ. ಮಗನ ತೋಳಿನಲ್ಲಿ ಸೊಸೆ ಸಾವಿತ್ರಿ, ಕಬ್ಬಿನ ಒಣಗರಿಯ ರವದಿಯಲ್ಲಿ ಹಾವು ಕಚ್ಚಿ ಕಾಲು ಬಾತಿದ್ದವಳು. “ಸಿಸ್ಟರ್, ಸೂಜಿ ಮಾಡ್ರಿ! ಲಗೂನ ಮಾಡ್ರಿ!” ಎಂದು ಕಾಕಾ ಕೂಗುತ್ತಿದ್ದ. ಸಾವಿತ್ರಿಯ ತುಟಿಯನ್ನು ನಾನು ಹತ್ತಿರದಿಂದ ನೋಡಿದೆ. ಹಸಿರು ಇರಲಿಲ್ಲ. ತನ್ನ ಮನೆಯವಳಿಗೆ ಅವನು ಎಲೆ ಕೊಟ್ಟಿರಲಿಲ್ಲ.

ಒಳಗೆ ಒಯ್ದರು. ಕಾಕಾ ಬಂದು ಬೆಂಚಿನ ಮೇಲೆ ಕುಸಿದ. ಸರಿಯಾಗಿ ಅಕ್ಕನ ಕೆಳಗೆ. ತಲೆ ಎತ್ತಿ ನೋಡಿದ, ನೋಡಿದವನೇ ಇಳಿಸಿದ. ಎದುರಿಗೆ ನಾನು ನಿಂತಿದ್ದೆ.

ಅವಳು ಸಾಯಲಿ ಎನಿಸಿತೇ? ಇಲ್ಲ. ಸಾವಿತ್ರಿ ಬದುಕಬೇಕಿತ್ತು. ಸೂಜಿಯಿಂದಲೇ ಬದುಕಬೇಕಿತ್ತು, ಅವನ ಕಣ್ಣೆದುರಿಗೆ. ಅಲ್ಲಿಯವರೆಗೆ ನಾನು ಗೋಡೆಗೆ ಒರಗಿ ಕಾದೆ. ಮಧ್ಯಾಹ್ನ ಇಳಿಯಿತು. ಕೊನೆಗೆ ಸಿಸ್ಟರ್ ಹೊರಗೆ ಬಂದು, “ಅಂಜಬ್ಯಾಡ್ರಿ ಅಜ್ಜಾರ, ವ್ಯಾಳ್ಯಾಕ್ಕ ತಂದ್ರಿ, ಉಳೀತಾರ,” ಎಂದಳು. ಕಾಕಾ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

ನಾನು ಅಂಗಳಕ್ಕೆ ಹೋದೆ. ಬೇವಿನ ಗಿಡದ ಟೊಂಗೆ ಬಗ್ಗಿಸಿ ಒಂದು ಹಿಡಿ ಎಲೆ ಹರಿದೆ. ತಂದು ಅವನ ಮುಂದೆ ಹಿಡಿದೆ.

“ತಿನ್ರಿ ಕಾಕಾ.”

ಬೆಂಚಿನ ಮೇಲಿದ್ದವರೆಲ್ಲ ಈ ಕಡೆ ತಿರುಗಿದರು. ಅವನು ಎಲೆ ನೋಡಿದ, ನನ್ನನ್ನು ನೋಡಿದ, ಮೇಲೆ ಅಕ್ಕನನ್ನು ನೋಡಿದ. ಬೇಡ ಎನ್ನಬಹುದಿತ್ತು, ಬೈಯಬಹುದಿತ್ತು. ಆದರೆ ಕೈ ಚಾಚಿದ. ಬಾಯಿಗೆ ಹಾಕಿಕೊಂಡು ಅಗಿದ. ಮೀಸೆಯ ತುದಿ ಹಸಿರಾಯಿತು. ಕಣ್ಣಿನಿಂದ ನೀರು ಇಳಿಯಿತು.

“ಹೆಂಗ ಹತ್ತತೈತ್ರಿ?” ಎಂದು ಕೇಳಿದೆ.

“ಕಹಿ ಐತವಾ,” ಎಂದ.

“ನಮ್ಮಕ್ಕಗೂ ಕಹಿನs ಹತ್ತಿತ್ರಿ,” ಎಂದೆ.